ಕೊನೆಯ ಲಾಂಚ್ ಎಷ್ಟು ಹೊತ್ತಿಗೆ?

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚ್ ದಡಕ್ಕೆ ತಾಗುವಾಗ ಮೊದಲು ಕೇಳುತ್ತಿದ್ದುದು ಕಬ್ಬಿಣದ ಹಲಗೆ ಕೆಂಪುಮಣ್ಣಿಗೆ ಉಜ್ಜುವ ಸದ್ದು. ಅದರ ಹಿಂದೆಯೇ ಸಿಬ್ಬಂದಿಯ ಕೂಗು: "ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಸಾಕು! ಗೇರಲ್ಲಿ ಬಿಡಿ, ಹ್ಯಾಂಡ್ ಬ್ರೇಕ್ ಎಳೀರಿ. ಒಳಗೆ ಯಾರೂ ಕೂರ್ಬೇಡಿ, ಎಲ್ರೂ ಇಳೀರಿ ಮಾರಾಯ್ರೆ." 2024ರ ಡಿಸೆಂಬರ್‌ನ ಒಂದು ಬೆಳಿಗ್ಗೆ ನಾವು ಕಾರಿನಿಂದ ಇಳಿದೆವು. ಅಮ್ಮ, ನಾನು, ತಮ್ಮ. ಹಿಂದಿನ ಕಾರಿನಲ್ಲಿದ್ದ ಬೆಂಗಳೂರಿನವರು ಇಳಿಯಲಿಲ್ಲ. ಎ.ಸಿ. ಹಾಕಿಕೊಂಡು, ಗಾಜು ಏರಿಸಿಕೊಂಡು ಕೂತೇ ಇದ್ದರು. ಅಮ್ಮ ಸೀದಾ ಹೋಗಿ ಗಾಜು ತಟ್ಟಿದರು. "ಇಳೀರಪ್ಪ, ಮಕ್ಕಳನ್ನೂ ಇಳಿಸಿ. ನೀರ ಮೇಲೆ ಬಾಗಿಲು ಹಾಕ್ಕಂಡು ಕೂರಬಾರದು." ಅವರು ಇಳಿದರು.

ಲಾಂಚ್ ಹಿಂದಕ್ಕೆ ಸರಿದು, ತಿರುಗಿ, ಕಳಸವಳ್ಳಿಯ ಕಡೆಗೆ ಮೂತಿ ಮಾಡಿತು. ನೆತ್ತಿಯ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕಂಬಗಳು, ಅವುಗಳಿಂದ ಇಳಿಬಿದ್ದ ಕೇಬಲ್ಲುಗಳು. ಕೆಲಸ ಮುಗಿಯುತ್ತ ಬಂದಿತ್ತು. ಎಲ್ಲರ ಕಣ್ಣೂ, ಮೊಬೈಲೂ ಅತ್ತಲೇ. ಅಮ್ಮ ಮಾತ್ರ ಮೇಲೆ ನೋಡಲಿಲ್ಲ. ಕಟಕಟೆ ಹಿಡಿದು ನಿಂತು, ನೀರಿಗೆ ಬಿದ್ದವರಿಗೆ ಎಸೆಯುವ ಟ್ಯೂಬುಗಳು ಎಲ್ಲಿ ತೂಗುತ್ತಿವೆ ಎಂದು ಒಂದೊಂದಾಗಿ ಕಣ್ಣಲ್ಲೇ ಎಣಿಸಿದರು. "ಹತ್ತಿದ ಕೂಡ್ಲೆ ಅದನ್ನ ನೋಡ್ಕಂಬಿಡದು. ಆಮೇಲೆ ಏನು ಬೇಕಾದ್ರೂ ನೋಡ್ಲಕ್ಕು" ಎಂದರು.

ನಾವು ಹೊರಟಿದ್ದು ಸಿಗಂದೂರು ಚೌಡೇಶ್ವರಿಗೆ ಕೈಮುಗಿದು ಬರಲು. ಮುಂದಿನ ತಿಂಗಳು ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹಡಗಿನಲ್ಲಿ ಹೋಗುವುದೆಂದು ತಮ್ಮ ಟಿಕೆಟ್ ಮಾಡಿಸಿದ್ದ. 71 ವರ್ಷದ ಅಮ್ಮ ಸಮುದ್ರವನ್ನು ಹೊನ್ನಾವರದ, ಮುರ್ಡೇಶ್ವರದ ದಡದಿಂದ ಕಂಡಿದ್ದರೇ ಹೊರತು ಅದರ ಮೇಲೆ ಹೋದವರಲ್ಲ. ಆದರೆ ನೀರಿನ ಮೇಲೆ ಹೇಗೆ ಹೋಗಬೇಕು ಎನ್ನುವುದರಲ್ಲಿ ನನಗೂ ತಮ್ಮನಿಗೂ ಅವರೇ ಗುರು ಎನ್ನುವುದು ಆ ಪ್ರಯಾಣ ಮುಗಿಯುವಷ್ಟರಲ್ಲಿ ನನಗೆ ಗೊತ್ತಾಯಿತು.

ಅಮ್ಮನ ತವರು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಅವರಿಗೆ 11 ವರ್ಷ. ಅದಕ್ಕೆ ಮೊದಲು 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ನೀರಿನಲ್ಲಿ ಮುಳುಗಿದೆ. ಬಿರುಬೇಸಗೆಯಲ್ಲಿ ಹೊಳೆ ಇಳಿದಾಗ ಅದರ ಕಲ್ಲುಗೋಡೆ ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮ ಸೀಮೆಯಲ್ಲಿ 1819 ಅಡಿ ಎಂಬ ಸಂಖ್ಯೆ ಮಕ್ಕಳಿಗೂ ಬಾಯಿಪಾಠ. ಅದು ಜಲಾಶಯದ ಪೂರ್ಣ ಮಟ್ಟ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ನೀರು ನಿಂತ ಮೇಲೆ ಅಮ್ಮನ ಮನೆತನ ಮೂರು ದಿಕ್ಕಾಯಿತು. ಅಜ್ಜ ಸಾಗರದ ಹತ್ತಿರ ನಿಂತರು. ದೊಡ್ಡ ಮಾವನಿಗೆ ಹೊಸನಗರ ತಾಲ್ಲೂಕಿನಲ್ಲಿ ಜಾಗ ಸಿಕ್ಕಿತು. ಚಿಕ್ಕಮ್ಮನನ್ನು ತೀರ್ಥಹಳ್ಳಿಗೆ ಕೊಟ್ಟರು. ಆಚೆ ದಡದ ಕರೂರು, ತುಮರಿ ಕಡೆ ಉಳಿದ ನೆಂಟರನ್ನು ಮಾತಾಡಿಸಲು ಲಾಂಚೇ ಹತ್ತಿರದ ದಾರಿಯಾಗಿತ್ತು.

ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮದುವೆ, ಯಾವ ತಿಥಿಗೆ ಹೊರಟರೂ ಮೊದಲ ಪ್ರಶ್ನೆ ಒಂದೇ ಇತ್ತು: "ಕೊನೆ ಲಾಂಚ್ ಎಷ್ಟು ಹೊತ್ತಿಗೆ?" ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಆ ರಾತ್ರಿ ಆ ದಡದಲ್ಲೇ. ಇಲ್ಲವೇ ಕಾರ್ಗಲ್ ಕಡೆಯಿಂದ ಕಾಡುದಾರಿ ಸುತ್ತಬೇಕಿತ್ತು. ರಾತ್ರಿ ಹೆರಿಗೆನೋವು ಬಂದ ಹೆಣ್ಣುಮಕ್ಕಳ, ಹಾವು ಕಚ್ಚಿಸಿಕೊಂಡವರ ಕಥೆಗಳು ಆ ದಡದ ಪ್ರತಿ ಮನೆಯಲ್ಲೂ ಇವೆ. ಮಳೆ ತಡವಾದ ವರ್ಷ ನೀರು ತಳ ಕಂಡು ಲಾಂಚಿನ ಹಲಗೆ ದಡಕ್ಕೆ ಎಟುಕದೆ ವಾಹನ ಸಾಗಿಸುವುದು ನಿಲ್ಲುತ್ತಿತ್ತು. ಜುಲೈ ಗಾಳಿಯಲ್ಲಿ ಲಾಂಚಿನವರು "ಈಗ ಬಿಡಲ್ಲ" ಎಂದರೆ ಮುಗಿಯಿತು, ಯಾರೂ ಎದುರಾಡುತ್ತಿರಲಿಲ್ಲ. ಕಾದು ಕೂರುವುದು ಆ ಜನಕ್ಕೆ ರಕ್ತದಲ್ಲಿ ಬಂದಿದೆ.

ವರ್ಷದ ಕೊನೆಗೆ ತೀರ್ಥಹಳ್ಳಿಗೆ ಹೋದೆವು. ಎಳ್ಳಮಾವಾಸ್ಯೆ ಆ ಸಲ ಡಿಸೆಂಬರ್ 30ಕ್ಕೆ ಬಿದ್ದಿತ್ತು, ರಾಮೇಶ್ವರ ದೇವರ ಜಾತ್ರೆ. ದಾರಿಯಲ್ಲಿ ಹೊಸನಗರ ತಾಲ್ಲೂಕಿನ ಮಾವನ ಮನೆಯಲ್ಲಿ ಒಂದು ರಾತ್ರಿ. ಮಾವ ಹಡಗಿನ ಸುದ್ದಿ ಕೇಳಿ ಖುಷಿಪಟ್ಟು, ರಿಪ್ಪನ್‌ಪೇಟೆಯಲ್ಲಿ ಕೊಂಡ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ದೊಡ್ಡ ಬಾಟಲಿಗೆ ತುಂಬಿಕೊಟ್ಟರು. "ಹಡಗಿನೂಟ ಹೆಂಗಿರುತ್ತೋ ಏನೋ, ಇದೊಂದು ಇದ್ರೆ ಅನ್ನ ಇಳಿಯುತ್ತೆ." ಹೊಸನಗರದವರಿಗೂ ನೀರು ಹೊಸತಲ್ಲ. ಒಂದು ಕಡೆ ಶರಾವತಿಯ ಹಿನ್ನೀರು, ಇನ್ನೊಂದು ಕಡೆ ವಾರಾಹಿಯ ಮಾಣಿ, ಚಕ್ರಾ, ಸಾವೇಹಕ್ಲು. ಒಂದೇ ತಾಲ್ಲೂಕಿನಲ್ಲಿ ಇಷ್ಟು ಜಲಾಶಯಗಳ ನೀರು. ಪಟಗುಪ್ಪೆಯ ಸೇತುವೆ ಆಗುವ ಮುಂಚೆ ಸಾಗರಕ್ಕೆ ಬರಲು ಆ ಕಡೆಯವರು ಪಟ್ಟ ಪಾಡು ಮಾವನ ಬಾಯಲ್ಲೇ ಕೇಳಬೇಕು.

ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಸೊಸೆ ಕಾಯುತ್ತಿದ್ದಳು. ಅವಳು ಎರಡು ವರ್ಷದ ಹಿಂದೆ ಗಂಡನ ಜೊತೆ ಸಿಂಗಪುರದಿಂದ ಹಡಗಿನಲ್ಲಿ ಹೋಗಿಬಂದವಳು. ಅವತ್ತು ಸಂಜೆ ತುಂಗಾ ತೀರದಲ್ಲಿ ಜನ ಕಿಕ್ಕಿರಿದಿದ್ದ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಮೊಬೈಲಿನಲ್ಲಿ ಬರೆದುಕೊಂಡೆ. ನಾಲ್ಕು ದಿನ ನನ್ನನ್ನು ಕಾಪಾಡಿದ್ದು ಆ ಟಿಪ್ಪಣಿಯೇ. ಅದರಿಂದ ಬೇಕಾದಷ್ಟನ್ನು ಹೇಳುತ್ತೇನೆ.

"ಅಕ್ಕ, ದೊಡ್ಡ ಸೂಟ್‌ಕೇಸನ್ನ ಬಂದರಲ್ಲೇ ತಗೊಂಡುಬಿಡ್ತಾರೆ. ಅದು ನಿಮ್ಮ ಕೋಣೆ ಬಾಗಿಲಿಗೆ ಬರೋದು ಸಂಜೆಗೆ. ಅಲ್ಲೀವರೆಗೆ ಬೇಕಾದ್ದೆಲ್ಲ ಕೈಚೀಲದಲ್ಲಿರಲಿ" ಎಂದಳು. ಅಮ್ಮನ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ, ಕನ್ನಡಕ, ಆಧಾರ್‌ನ ಅಸಲು ಪ್ರತಿ. ಮಾತ್ರೆ ನಾಲ್ಕು ದಿನದ್ದಲ್ಲ, ಏಳು ದಿನದ್ದು. ಹಡಗು ತಡವಾಗಬಹುದು, ಅಲ್ಲಿಯ ವೈದ್ಯರ ಬಳಿ ಎಲ್ಲ ಔಷಧಿ ಇರಲಾರದು, ಇದ್ದರೂ ದುಬಾರಿ. ಟಿಕೆಟಿನಲ್ಲಿರುವ ಹೆಸರು, ಗುರುತಿನ ಚೀಟಿಯಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಮ್ಮ ಕಡೆ ಹೆಂಗಸರ ಹೆಸರು ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇರುವುದು ಮಾಮೂಲು. ಇದನ್ನು ಹೊರಡುವ ಹಿಂದಿನ ದಿನ ನೋಡಿದರೆ ಏನೂ ಮಾಡಲಾಗುವುದಿಲ್ಲ, ಟಿಕೆಟ್ ಮಾಡಿಸುವ ದಿನವೇ ನೋಡಬೇಕು. ಲಕ್ಷದ್ವೀಪಕ್ಕೆ ಕಾಲಿಡಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಹಡಗಿನವರೇ ಮಾಡಿಸುತ್ತಾರೆ, ಆದರೆ ಅವರು ಕೇಳಿದ ಕಾಗದವನ್ನು ಕೇಳಿದ ದಿನವೇ ಕಳಿಸಬೇಕು.

ಕೋಣೆ ಎಲ್ಲಿರಬೇಕು ಎನ್ನುವುದನ್ನೂ ಅವಳೇ ಹೇಳಿದ್ದು. ಕಡಲು ಕಾಣುವ ಬಾಲ್ಕನಿಗೆ ದುಡ್ಡು ಹೆಚ್ಚು ಸುರಿಯುವುದಕ್ಕಿಂತ ವಯಸ್ಸಾದವರಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಬೇಕು. ಅಲ್ಲಿ ಓಲಾಟ ಕಡಿಮೆ. ಎತ್ತಿನಗಾಡಿಯಲ್ಲಿ ಅಚ್ಚಿನ ಮೇಲೆ ಕೂತವರಿಗೂ ಹಿಂದಿನ ತುದಿಯಲ್ಲಿ ಕೂತವರಿಗೂ ಇರುವ ವ್ಯತ್ಯಾಸ ಇದು. ಅಮ್ಮನಿಗೆ ಹಾಗೆ ಹೇಳಿದ ಕೂಡಲೇ ಅರ್ಥವಾಯಿತು.

ಜಾತ್ರೆಯ ತೆಪ್ಪೋತ್ಸವದಲ್ಲಿ ದೇವರು ದೀಪದ ನಡುವೆ ತುಂಗೆಯ ಮೇಲೆ ತೇಲಿ ಬಂದಾಗ ಚಿಕ್ಕಮ್ಮ ಕೈಮುಗಿದು, "ಅಕ್ಕ ಹೋಗಿ ಬರಲಿ, ಕಡಲು ಶಾಂತ ಇರಲಿ" ಎಂದರು. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದೆ. ಅಲ್ಲಿ ಒಂದು ಕೊಳದಷ್ಟು ನೀರು. ಅದೇ ಹರಿದು ಬಂದು ತನ್ನ ಊರನ್ನು ಮುಳುಗಿಸಿತೆಂದು ಅಮ್ಮ ಎಂದೂ ಹೇಳಿದ್ದಿಲ್ಲ. ಹೊಳೆಯ ಮೇಲೆ ಅವರಿಗೆ ಸಿಟ್ಟಿಲ್ಲ.

ನಾವು ಹೊರಡುವ ಮುಂಚೆ, ಜನವರಿ 5ರಂದು, ಸಾಗರದ ಕಾದಂಬರಿಕಾರ ನಾ. ಡಿಸೋಜ ತೀರಿಕೊಂಡರು. ಶರಾವತಿ ಯೋಜನೆಯಲ್ಲಿ ನೌಕರಿ ಮಾಡುತ್ತಲೇ ಮುಳುಗಿದವರ ಸಂಕಟವನ್ನು ಬರೆದವರು. ಅವರ 'ದ್ವೀಪ' ಕಾದಂಬರಿಯನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದರು. ಆ ಸಿನಿಮಾ ಟಿವಿಯಲ್ಲಿ ಬಂದ ದಿನ ಅಮ್ಮ ಅರ್ಧಕ್ಕೆ ಎದ್ದು ಕೊಟ್ಟಿಗೆಗೆ ಹೋಗಿದ್ದು ನನಗೆ ನೆನಪಿದೆ.

ಭಟ್ಕಳಕ್ಕೆ ಇಳಿದು ಕೊಂಕಣ ರೈಲು ಹಿಡಿದೆವು. ಹಡಗು ಹೊರಡುವ ದಿನದ ಹಿಂದಿನ ದಿನವೇ ಮುಂಬೈ ತಲುಪಿದೆವು. ಇದು ಅಮ್ಮನ ಹಟ. ತಮ್ಮ "ಅದೇ ದಿನ ಬೆಳಿಗ್ಗೆ ತಲುಪೋ ರೈಲಿದೆ, ಹೋಟೆಲ್ ಖರ್ಚು ಉಳಿಯುತ್ತೆ" ಎಂದಿದ್ದ. "ಲಾಂಚ್ ನಮಗಾಗಿ ಕಾಯಲ್ಲ" ಎಂದರು ಅಮ್ಮ. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಹಡಗು ಹೊರಡುವ ದಿನ ರೈಲು ತಡವಾಗಿ, ದುಡ್ಡೂ ಹೋಗಿ ಹಡಗೂ ಹೋಗಿ ಬಂದರಿನ ಗೇಟಿನಲ್ಲಿ ಅಳುತ್ತ ನಿಂತಿದ್ದ ಒಂದು ಕುಟುಂಬವನ್ನು ನಾವೇ ಕಂಡೆವು.

ಬಂದರಿನ ತಪಾಸಣೆಯಲ್ಲಿ ಮಾವನ ಉಪ್ಪಿನಕಾಯಿ ನಿಂತಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಚಿಕ್ಕ ರೈಸ್ ಕುಕ್ಕರ್ ಇವೂ ನಿಷಿದ್ಧ. ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಭಯ ಬೆಂಕಿಯದು, ಸುತ್ತ ನೀರಿದ್ದರೂ. ನಿಯಮ ಟಿಕೆಟಿನ ಜೊತೆ ಬಂದ ಕಾಗದದಲ್ಲೇ ಇತ್ತು, ನಾವು ಓದಿರಲಿಲ್ಲ. ಅಮ್ಮ ಬಾಟಲಿಯನ್ನು ಸಾಮಾನು ಹೊತ್ತ ಹುಡುಗನ ಕೈಗಿಟ್ಟರು. ಅವನು ರತ್ನಾಗಿರಿ ಕಡೆಯವನು, ಮುಚ್ಚಳ ತೆಗೆದು ಮೂಸಿ ನಕ್ಕ. ಹಡಗಿನೊಳಗೆ ಸಸ್ಯಾಹಾರಿ ಊಟ ಬೇಕಾದಷ್ಟಿತ್ತು, ಜೈನರ ಊಟ ಕೂಡ. ಟಿಕೆಟ್ ಮಾಡಿಸುವಾಗಲೇ ಹೇಳಿಟ್ಟರೆ ಸಾಕು. ಎಲೆಅಡಿಕೆಯನ್ನು ಅಮ್ಮ ಅವತ್ತೇ ಬಿಟ್ಟರು. ಉಗುಳಲು ಜಾಗವಿಲ್ಲದ ಕಡೆ ಬೇಡ ಎನ್ನುವುದು ಅವರದೇ ತೀರ್ಮಾನ.

ಹಡಗು ಬಂದರಿನಿಂದ ಕದಲುವ ಮೊದಲು ಮೈಕಿನಲ್ಲಿ ಎಲ್ಲರನ್ನೂ ಕರೆದರು. ಮಸ್ಟರ್ ಡ್ರಿಲ್. ಅಂದರೆ ಅಪಾಯವಾದರೆ ಯಾರು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎನ್ನುವ ಪಾಠ. ನಮ್ಮ ಕೋಣೆಯ ಕಾರ್ಡಿನ ಮೇಲೆ ಒಂದು ಅಕ್ಷರವಿತ್ತು, ಅದು ನಾವು ಸೇರಬೇಕಾದ ಜಾಗದ ಗುರುತು. ಅರ್ಧ ಜನ ಸೆಲ್ಫಿಯಲ್ಲಿ ಮುಳುಗಿದ್ದರು, ಕೆಲವರು ಬರಲೇ ಇಲ್ಲ. ಹಾರ್ನ್ ಕೂಗಿತು. ಏಳು ಸಲ ಗಿಡ್ಡಕ್ಕೆ, ಎಂಟನೆಯದು ಉದ್ದಕ್ಕೆ. ಜಗತ್ತಿನ ಯಾವ ಪ್ರಯಾಣಿಕ ಹಡಗು ಹತ್ತಿದರೂ ತುರ್ತಿನ ಕರೆ ಇದೇ. ಅಮ್ಮ ನನ್ನ ಮೊಣಕೈ ಹಿಡಿದು, "ಅವನು ಹೇಳಿದ್ದನ್ನ ಒಂದೂ ಬಿಡದೆ ಹೇಳು" ಎಂದರು. ನಾನು ಹೇಳಿದೆ. ಕೋಣೆಗೆ ಬಂದ ಮೇಲೆ ಕಪಾಟಿನಿಂದ ಜಾಕೆಟ್ ತೆಗೆದು, ಸೀರೆಯ ಮೇಲೇ ತೊಟ್ಟು, ಪಟ್ಟಿ ಎಳೆದು ಬಿಗಿಮಾಡಿ, ಬಿಚ್ಚಿ ಮತ್ತೆ ಮೊದಲಿದ್ದ ಹಾಗೇ ಇಟ್ಟರು. ಆಮೇಲೆ ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿದರು. ಇಪ್ಪತ್ತೆರಡು. ಲಿಫ್ಟಿನ ಕಡೆ ಅವರು ನೋಡಲೇ ಇಲ್ಲ. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸಬಾರದು ಎನ್ನುವುದು ಪಾಠದಲ್ಲಿ ಬಂದಿತ್ತಲ್ಲ.

ಈ ಅರ್ಧ ಗಂಟೆಯನ್ನು ಕಿರಿಕಿರಿ ಎಂದುಕೊಳ್ಳುವವರಿಗೆ ಒಂದು ವಿಷಯ ಹೇಳಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಭಾರಿ ಹಡಗು ಬಂಡೆಗೆ ತಾಗಿ ಮಗುಚಿತು. 32 ಜನ ಸತ್ತರು. ಆ ಸಂಜೆಯಷ್ಟೇ ಹಡಗು ಹತ್ತಿದ ನೂರಾರು ಮಂದಿಗೆ ಡ್ರಿಲ್ ಆಗಿರಲೇ ಇಲ್ಲ. ಮಾರನೆಯ ದಿನ ಮಾಡಿದರಾಯಿತು ಎಂದು ಆಗಿನ ನಿಯಮ ಬಿಡುತ್ತಿತ್ತು. ಆ ಮೇಲೆ ನಿಯಮ ಬದಲಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯವಾಯಿತು. ನೀರಿನ ಮೇಲಿನ ಪ್ರತಿಯೊಂದು ನಿಯಮದ ಹಿಂದೆ ಹೀಗೆ ಸತ್ತವರಿದ್ದಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ್ದಕ್ಕೇ 1914ರಲ್ಲಿ ಕಡಲ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆದದ್ದು.

ಮೊದಲ ರಾತ್ರಿ ತಮ್ಮ ಮಲಗಿಬಿಟ್ಟ. ಹೊಟ್ಟೆ ತೊಳಸಿ, ಬೆವತು, ವಾಂತಿ. ಊಟದ ಹೊತ್ತಿಗೆ ಕಂಡದ್ದನ್ನೆಲ್ಲ ತಟ್ಟೆಗೆ ಹಾಕಿಕೊಂಡಿದ್ದ. ಕಡಲ ಪಿತ್ತಕ್ಕೆ ಮಾತ್ರೆ ಇದೆ, ಆದರೆ ಅದನ್ನು ವಾಂತಿ ಶುರುವಾಗುವ ಮೊದಲೇ ನುಂಗಬೇಕು. ಅದು ಮಂಪರು ತರುತ್ತದೆ. ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರೆ ಇರುವವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೋಗಬೇಕು. ಅಮ್ಮ ಅವನನ್ನು ಕೋಣೆಯಲ್ಲಿ ಬಿಡಲಿಲ್ಲ. ಎಬ್ಬಿಸಿ ನಡುವಿನ ಡೆಕ್ಕಿಗೆ ಕರೆತಂದು, ಗಾಳಿಗೆ ಮುಖ ಮಾಡಿ ಕೂರಿಸಿ, ದೂರದಲ್ಲಿ ಮಿನುಗುತ್ತಿದ್ದ ದಡದ ದೀಪ ತೋರಿಸಿದರು. "ಹತ್ರದ ನೀರು ನೋಡ್ಬೇಡ. ದೂರದ ದೀಪ ನೋಡು." ಲಾಂಚಿನಲ್ಲಿ ಚಿಕ್ಕವರಿದ್ದಾಗ ನಮಗೆ ಹೇಳುತ್ತಿದ್ದ ಮಾತೇ. ಒಣ ಬ್ರೆಡ್ಡು, ಒಂದು ಚೂರು ಶುಂಠಿ. ಗಂಟೆಯೊಳಗೆ ಅವನ ಮುಖಕ್ಕೆ ರಂಗು ಬಂತು. ಕಿವಿ ಅಲುಗಾಟವನ್ನು ಹೇಳುತ್ತದೆ, ಕಣ್ಣು ಗೋಡೆ ನಿಂತಿದೆ ಎನ್ನುತ್ತದೆ, ಆ ಎರಡರ ಜಗಳವೇ ಈ ಕಾಯಿಲೆ. ಕಣ್ಣಿಗೆ ದಿಗಂತ ತೋರಿಸಿದರೆ ಜಗಳ ತಣಿಯುತ್ತದೆ.

ಅದೂ ಜನವರಿಯ ಶಾಂತ ಕಡಲಿನಲ್ಲಿ. ಅರಬ್ಬಿ ಸಮುದ್ರದಲ್ಲಿ ವಿಹಾರಕ್ಕೆ ಹೋಗುವವರು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋಗುವುದೇ ಒಳ್ಳೆಯದು. ಕಡಲನ್ನೇ ನಂಬಿ ಬದುಕುವ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡ ಸೇರಿರುತ್ತವೆ. ಅದು ಮೀನಿನ ಮರಿಗಳಿಗಾಗಿ ಇರುವ ನಿಷೇಧವೂ ಹೌದು, ಕಡಲಿನ ಅಬ್ಬರಕ್ಕೆ ತೋರುವ ಗೌರವವೂ ಹೌದು.

ಮೂರನೆಯ ದಿನ ದ್ವೀಪ ಕಂಡಿತು. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಅಮಿನ್‌ದಿವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದು ಅಮ್ಮನಿಗೆ ಹೇಳಿದಾಗ, "ಹಂಗಾರೆ ನೆಂಟರ ಊರೇ" ಎಂದರು. ದೊಡ್ಡ ಹಡಗು ಹವಳದ ದಿಬ್ಬದ ಹತ್ತಿರಕ್ಕೆ ಹೋಗಲಾರದು. ದೂರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಹಡಗಿನ ಹೊಟ್ಟೆಯ ಬಾಗಿಲು ತೆರೆದರು, ಕೆಳಗೆ ದೋಣಿ ಒಂದು ಆಳು ಎತ್ತರಕ್ಕೆ ಏರುತ್ತ ಇಳಿಯುತ್ತ ಇತ್ತು. ಇಡೀ ಪ್ರಯಾಣದಲ್ಲಿ ನನಗೆ ನಿಜವಾಗಿ ಭಯವಾದ ಕ್ಷಣ ಅದು. ನಮ್ಮ ಮುಂದಿದ್ದ ಯುವಕ ಕೈಯಲ್ಲಿ ಮೊಬೈಲ್ ಹಿಡಿದೇ ಹಾರಿದ. ದೋಣಿ ಅದೇ ಹೊತ್ತಿಗೆ ಕೆಳಗಿಳಿಯಿತು, ಮುಗ್ಗರಿಸಿ ಮಂಡಿ ತರಚಿಕೊಂಡ. ಸಿಬ್ಬಂದಿ ಅಮ್ಮನನ್ನು ನೋಡಿ ಅನುಮಾನಿಸಿದರು, ಬೇಡವೆಂದರೆ ಹಡಗಿನಲ್ಲೇ ಇರಬಹುದು ಎಂದರು.

ಅಮ್ಮ ಕೈಚೀಲವನ್ನು ನನಗೆ ಕೊಟ್ಟರು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು, ಚಪ್ಪಲಿಯ ಪಟ್ಟಿ ನೋಡಿಕೊಂಡರು. ಎರಡೂ ಕೈ ಖಾಲಿ. ದೋಣಿಯನ್ನು ನೋಡುತ್ತ ನಿಂತರು. ಒಂದು ಸಲ ಏರಿತು, ಇಳಿಯಿತು. ಎರಡನೆಯ ಸಲ. ಹಿಂದಿನವರು ಗೊಣಗಿದರು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಸಲ ದೋಣಿ ಮೇಲೆ ಬಂದು ತುತ್ತತುದಿಯಲ್ಲಿ ಅರೆಕ್ಷಣ ನಿಂತಾಗ, ದೋಣಿಯಲ್ಲಿದ್ದ ನಾವಿಕ ತನ್ನ ಮುಂದೋಳು ಚಾಚಿದ. ಬೆರಳು ಹಿಡಿದರೆ ಜಾರುತ್ತದೆ. ಅವನು ಅಮ್ಮನ ಮುಂದೋಳನ್ನು, ಅಮ್ಮ ಅವನ ಮುಂದೋಳನ್ನು ಹಿಡಿದರು. ಒಂದೇ ಹೆಜ್ಜೆ. ಹಾರಲಿಲ್ಲ, ಹೊಸ್ತಿಲು ದಾಟುವ ಹಾಗೆ ದಾಟಿದರು. ನಾವಿಕ ಏನೋ ಮಲಯಾಳದಲ್ಲಿ ಅಂದು ತಲೆಬಾಗಿದ. ದೋಣಿಯಲ್ಲಿ ಕೂತ ಮೇಲೆ ಅಮ್ಮನ ಕೈ ಸಣ್ಣಗೆ ನಡುಗುತ್ತಿತ್ತು, ನಾನು ಹಿಡಿದುಕೊಂಡೆ.

ದ್ವೀಪದಲ್ಲಿ ಕಾಲಿಟ್ಟ ಕೂಡಲೇ ಅಮ್ಮ ಕೇಳಿದ್ದು: "ಕೊನೆ ದೋಣಿ ಎಷ್ಟು ಹೊತ್ತಿಗೆ?" ಮೂರೂವರೆಗೆ ಎಂದರು. "ಹಂಗಾರೆ ನಾವು ಎರಡೂವರೆದಕ್ಕೇ ಹೊರಡದು." ಹಡಗು ಹೊರಡುವ ಸಮಯ ಬೇರೆ, ಎಲ್ಲರೂ ಹತ್ತಿರಬೇಕಾದ ಸಮಯ ಬೇರೆ. ಜನ ಎಡವುವುದು ಇಲ್ಲೇ. ಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಹೊರದೇಶದ ಬಂದರಿಗೆ ಹೋಗುವವರಿಗಂತೂ ಮೊಬೈಲ್ ತಾನಾಗಿ ಆ ಊರಿನ ಸಮಯ ತೋರಿಸಿ ದಾರಿ ತಪ್ಪಿಸಬಹುದು. ತೀರದಲ್ಲಿ ಬಿದ್ದಿದ್ದ ಬಿಳಿ ಹವಳದ ತುಂಡೊಂದನ್ನು ತಮ್ಮ ಆಯ್ದುಕೊಂಡ, ಅಲ್ಲಿಯವರೊಬ್ಬರು ಬಂದು ಮೆಲ್ಲಗೆ ವಾಪಸ್ ಹಾಕಿಸಿದರು. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡನ್ನೂ ಒಯ್ಯುವಂತಿಲ್ಲ.

ಇನ್ನು ಉಳಿದವು ಸಣ್ಣ ಸಂಗತಿಗಳು, ಆದರೆ ಜೇಬಿಗೆ ದೊಡ್ಡವು. ನಡುಗಡಲಿನಲ್ಲಿ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿಡಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಜಾಲ ಹಿಡಿದು ತಿಂಗಳ ಕೊನೆಗೆ ಎದೆ ನಡುಗಿಸುವ ಬಿಲ್ ತರುತ್ತದೆ. ಊರಿಗೆ ಫೋನ್ ಮಾಡುವುದನ್ನು ಬಂದರಿನಲ್ಲೇ ಮುಗಿಸಿಕೊಳ್ಳಿ, ಎರಡು ದಿನ ಸಿಗುವುದಿಲ್ಲ ಎಂದು ಮನೆಯವರಿಗೆ ಹೇಳಿಬಿಡಿ. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡೇ ದುಡ್ಡು. ಉಜ್ಜಿದ್ದು ಗೊತ್ತಾಗುವುದಿಲ್ಲ, ಅದಕ್ಕೇ ದಿನವೂ ಸಂಜೆ ಲೆಕ್ಕದ ಚೀಟಿ ಕೇಳಿ ನೋಡಿ. ಊಟಕ್ಕೆ ಮುಂಚೆ ಕೈಯನ್ನು ಸೋಪಿನಲ್ಲೇ ತೊಳೆಯಿರಿ. ಹಡಗುಗಳಲ್ಲಿ ಹಬ್ಬುವ ವಾಂತಿಭೇದಿಯ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಬಾಲ್ಕನಿಯ, ಡೆಕ್ಕಿನ ಬಾಗಿಲುಗಳು ಗಾಳಿಗೆ ರಪ್ಪನೆ ಬಡಿಯುತ್ತವೆ. ಮಕ್ಕಳ ಬೆರಳು ಜೋಪಾನ.

ವಾಪಸಾಗುವ ರಾತ್ರಿ ಅಮ್ಮ ಕಟಕಟೆ ಹಿಡಿದು ಬಹಳ ಹೊತ್ತು ನಿಂತಿದ್ದರು. ಮೇಲೆ ಸಂಗೀತ, ದೀಪ, ಕುಣಿತ. ಕೆಳಗೆ ಕಪ್ಪು ನೀರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ಕೇಳಿದರು: "ಇದರಡಿ ಯಾರ ಮನೆಯೂ ಇಲ್ಲ ಅಲ್ದೇನೆ?"

ಇಲ್ಲ ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅರವತ್ತು ವರ್ಷ ಅವರು ಲಾಂಚಿನಲ್ಲಿ ದಾಟಿದ್ದು ತಮ್ಮ ಅಂಗಳದ ಮೇಲೆ, ತುಳಸಿಕಟ್ಟೆಯ ಮೇಲೆ, ಶಾಲೆಗೆ ಹೋಗುತ್ತಿದ್ದ ದಾರಿಯ ಮೇಲೆ. ಯಾರ ಮನೆಯೂ ಅಡಿಯಲ್ಲಿಲ್ಲದ ನೀರಿನ ಮೇಲೆ ಅವರು ಹೋದದ್ದು ಅದೇ ಮೊದಲು. ಆಮೇಲೆ ಅವರು ಹಗುರಾಗಿ ಮಾತಾಡಿದರು, ಮಲಗುವವರೆಗೂ ಮಾತಾಡಿದರು. ಹಡಗಿನ ಟಿಕೆಟ್ಟಿಗೆ ತಮ್ಮ ಕೊಟ್ಟ ದುಡ್ಡು ಅಲ್ಲಿಗೆ ಸಂದಿತು ಎಂದು ನನಗನ್ನಿಸಿತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದ. ದೀಪಾವಳಿ ಕಳೆದ ಮೇಲೆ ಅಮ್ಮನನ್ನು ಕರೆದುಕೊಂಡು ಹೋದೆವು. ಕಾಯುವುದಿಲ್ಲ, ಇಳಿಯುವುದಿಲ್ಲ. ಕಾರು ಮೂರು ನಿಮಿಷದಲ್ಲಿ ಆಚೆ ದಡ. ಅಮ್ಮ ಕಿಟಕಿಯಿಂದ ಕೆಳಗೆ ನೋಡಿದರು, "ಇನ್ನು ರಾತ್ರಿ ಯಾರೂ ಸಾಯಲ್ಲ" ಎಂದರು. ಆ ದಡದವರು ದಶಕಗಳ ಕಾಲ ಕೇಳಿದ್ದು ಇದನ್ನೇ. ಸೇತುವೆ ಬಂದದ್ದು ದೊಡ್ಡ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲಾಂಚ್ ಕಲಿಸಿದ್ದು ಸೇತುವೆಯ ಜೊತೆ ಮರೆತುಹೋಗಬಾರದು. ನಮ್ಮ ಮಕ್ಕಳು ಈಗ ನೀರಿನ ಮೇಲೆ ಹೋಗುವುದು ಪ್ರವಾಸಕ್ಕೆ. ಹಿನ್ನೀರಿನ ಬೋಟಿಗೆ, ಜಾತ್ರೆಯ ದೋಣಿಗೆ, ಕ್ರೂಸ್ ಹಡಗಿಗೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ದೇವರ ದರ್ಶನ ಮಾಡಿ ದಡ ಕಾಣುವಷ್ಟು ಹತ್ತಿರ ಬಂದವರು. ಸಾಗರದ ಹತ್ತಿರ ಹೊನ್ನೇಮರಡುವಿನಲ್ಲಿ ಜಲಸಾಹಸ ಕಲಿಯಲು ಬರುವ ಹುಡುಗರಿಗೆ ಮೊದಲ ಪಾಠ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವುದು. ನಮ್ಮ ಊರಿನ ಪ್ರತಿ ಬೋಟಿನಲ್ಲೂ ಅದೇ ಆಗಬೇಕು. ಜಾಕೆಟ್ ಇಲ್ಲದ ದೋಣಿಗೆ, ಇದ್ದರೂ ಮೂಲೆಯಲ್ಲಿ ಕಟ್ಟಿಟ್ಟ ದೋಣಿಗೆ ಹತ್ತಬೇಡಿ. ಜನ ಹೆಚ್ಚಾದರೆ ಇಳಿದುಬಿಡಿ, ಮುಂದಿನದಕ್ಕೆ ಹೋಗಿ. ನಾಚಿಕೆ ಬೇಡ. ಬೋಟಿನವರು "ಈಗ ಬಿಡಲ್ಲ, ಗಾಳಿ ಇದೆ" ಎಂದರೆ ಅವರೊಡನೆ ವಾದ ಮಾಡಬೇಡಿ, ದುಡ್ಡು ಕೊಟ್ಟಿದ್ದೇವೆ ಎನ್ನಬೇಡಿ.

ಕ್ರೂಸಿಗೆ ಹೋಗುವವರು ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅದಕ್ಕೆ ಮೊದಲು ಒಂದು ಸಲ ಕಾರ್ಗಲ್ ಹತ್ತಿರದ ಮುಪ್ಪಾನೆಗೆ ಹೋಗಿ, ಲಾಂಚ್ ಹತ್ತಿ. ಹತ್ತಿದ ಕೂಡಲೇ ಟ್ಯೂಬ್ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿ. ಹೊರಡುವ ಮುಂಚೆ ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ.